ಓದುಗರ ಪ್ರಶ್ನೆ: ಸರ್ರೆಯ ಗುಡ್ಡ, ಕಾಡು, ಹೊಳೆದಂಡೆಯ ಕಾಲುದಾರಿಗಳು

ಲಂಡನ್ನಿನ ನೈರುತ್ಯಕ್ಕೆ ಅಂಟಿಕೊಂಡ ಸರ್ರೆ ಕೌಂಟಿಗೆ ಮಕ್ಕಳ ಮನೆಗೆಂದು ಹೋಗುವವರು, ಓದಲು ಹೋದವರು, ಅಲ್ಲೇ ನೆಲೆಸಿದವರು ಕೇಳಿರುವ ಪ್ರಶ್ನೆಗಳು ಈ ಸಲ ಸೇರಿವೆ. ಉತ್ತರಗಳಲ್ಲಿ ಮಣ್ಣಿನ ಮಾತು ಮತ್ತೆ ಮತ್ತೆ ಬರುತ್ತದೆ. ಸರ್ರೆಯಲ್ಲಿ ಎಷ್ಟು ದೂರ ನಡೆಯುತ್ತೀರಿ ಎಂಬುದಕ್ಕಿಂತ ಯಾವ ಮಣ್ಣಿನ ಮೇಲೆ ನಡೆಯುತ್ತೀರಿ ಎಂಬುದು ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಲೆದರ್‌ಹೆಡ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ನಮಗೆ 64 ಮತ್ತು 59 ವರ್ಷ. ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವ ರೂಢಿ ಇದೆ, ಒಬ್ಬರಿಗೆ ಮಂಡಿನೋವು. ಎಲ್ಲರೂ ಬಾಕ್ಸ್ ಹಿಲ್ ಹತ್ತಿ ಎನ್ನುತ್ತಾರೆ. ಹತ್ತಬಹುದೆ? — ಮೈಸೂರು

ಹತ್ತಬಹುದು, ಆದರೆ ಮೊದಲ ವಾರವೇ ಬೇಡ. ಮೊದಲು ವೇ ನದಿಯ ದಂಡೆಯಲ್ಲಿ ಗಿಲ್ಫರ್ಡ್‌ನಿಂದ ಗಾಡಲ್ಮಿಂಗ್‌ವರೆಗೆ ನಡೆಯಿರಿ. ಸುಮಾರು 7 ಕಿ.ಮೀ., ಪೂರ್ತಿ ಸಮತಟ್ಟು, ನಿಮ್ಮ ವೇಗದಲ್ಲಿ ಎರಡೂವರೆ ಗಂಟೆ. ಎರಡೂ ಊರಲ್ಲಿ ರೈಲು ನಿಲ್ದಾಣವಿದೆ, ಎರಡೂ ಒಂದೇ ಮಾರ್ಗದಲ್ಲಿವೆ. ಹಾಗಾಗಿ ಹೋದ ದಾರಿಯಲ್ಲೇ ತಿರುಗಿ ಬರಬೇಕಾಗಿಲ್ಲ. ನಡುವೆ ಸುಸ್ತಾದರೆ ಶಾಲ್‌ಫರ್ಡ್‌ನಲ್ಲೋ ಫಾರ್ನ್‌ಕೂಮ್‌ನಲ್ಲೋ ರೈಲು ಹತ್ತಬಹುದು.

ಇದು ದೋಣಿಗಳನ್ನು ಕುದುರೆಗಳು ಎಳೆದು ಸಾಗುತ್ತಿದ್ದ ದಾರಿ. ಗಿಲ್ಫರ್ಡ್‌ವರೆಗಿನ ಜಲಮಾರ್ಗ 1653ರಲ್ಲಿ ತೆರೆಯಿತು, ಗಾಡಲ್ಮಿಂಗ್‌ಗೆ ಚಾಚಿದ್ದು 1764ರಲ್ಲಿ. ಗಿಲ್ಫರ್ಡ್ ಬಿಟ್ಟು ಸ್ವಲ್ಪ ದೂರದಲ್ಲೇ ಸೇಂಟ್ ಕ್ಯಾಥರೀನ್ಸ್ ಗುಡ್ಡದ ಬುಡ ನೀರಿಗೆ ಇಳಿಯುತ್ತದೆ. ಅಲ್ಲಿ ಅರಿಸಿನ ಬಣ್ಣದ ಮರಳು ದಂಡೆಗೆ ಜಾರಿ ಬಿದ್ದಿರುತ್ತದೆ, ಒಂದು ಹಿಡಿ ತೆಗೆದರೆ ಬೆರಳ ಸಂದಿಯಿಂದ ಸಕ್ಕರೆಯ ಹಾಗೆ ಸುರಿಯುತ್ತದೆ. ಈ ಮರಳುಗಲ್ಲನ್ನು ನೆನಪಿಡಿ, ಮುಂದಿನ ಉತ್ತರದಲ್ಲಿ ಮತ್ತೆ ಬರುತ್ತದೆ. ಬ್ರಾಡ್‌ಫರ್ಡ್ ಸೇತುವೆಯ ಬಳಿ ಎ248 ರಸ್ತೆ ಅಡ್ಡ ಬರುತ್ತದೆ. ಇಡೀ ನಡಿಗೆಯಲ್ಲಿ ವಾಹನದ ಭಯ ಇರುವುದು ಅಲ್ಲಿ. ದೋಣಿ ಏರಿಳಿಸುವ ಲಾಕ್‌ಗಳಲ್ಲಿ ಬಾಗಿಲಿಗೆ ಜೋಡಿಸಿದ ಉದ್ದನೆಯ ತೊಲೆ ಕೂರುವುದಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಕೂರಬೇಡಿ. ಬಾಗಿಲು ತೆರೆಯುವಾಗ ಅದು ಇಡಿಯಾಗಿ ತಿರುಗುತ್ತದೆ.

ಇನ್ನು ಬಾಕ್ಸ್ ಹಿಲ್. ಲೆದರ್‌ಹೆಡ್‌ನಿಂದ ಡಾರ್ಕಿಂಗ್ ಕಡೆಯ ರೈಲಿನಲ್ಲಿ ಮುಂದಿನ ನಿಲ್ದಾಣವೇ ಬಾಕ್ಸ್ ಹಿಲ್ ಮತ್ತು ವೆಸ್ಟ್‌ಹಂಬಲ್. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಕೊಂಡು ಹೊರಡಿ. ಎ24 ಹೆದ್ದಾರಿಯನ್ನು ಸುರಂಗದಾರಿಯಲ್ಲಿ ದಾಟಿ ಮೋಲ್ ನದಿಯ ಹೆಜ್ಜೆಗಲ್ಲುಗಳಿಗೆ ಬನ್ನಿ. ಒಟ್ಟು 17 ಕಲ್ಲು. ಯುದ್ಧ ಮುಗಿದ ಮೇಲೆ ಹೊಸದಾಗಿ ಹಾಕಿಸಿದ ಇವುಗಳನ್ನು 1946ರಲ್ಲಿ ಪ್ರಧಾನಿ ಕ್ಲೆಮೆಂಟ್ ಆಟ್ಲಿ ಉದ್ಘಾಟಿಸಿದರು. ಜೋರು ಮಳೆಯಾದರೆ ಕಲ್ಲುಗಳು ಮುಳುಗುತ್ತವೆ. ಕಲ್ಲಿನ ನೆತ್ತಿ ಕಾಣದಿದ್ದರೆ, ಕಂಡರೂ ಪಾಚಿಯಿಂದ ಒದ್ದೆಯಾಗಿದ್ದರೆ, ಹತ್ತಿರದಲ್ಲೇ ಇರುವ ಕಾಲುಸೇತುವೆಯಲ್ಲಿ ದಾಟಿ.

ಹೊಳೆಯಿಂದ ನೋಟದ ಕಟ್ಟೆಗೆ ಸುಮಾರು 120 ಮೀಟರ್ ಏರು. ಮರದ ದಿಮ್ಮಿ ಕೂರಿಸಿದ ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮಂಡಿನೋವಿರುವವರು ಮೆಟ್ಟಿಲಲ್ಲಿ ಹತ್ತಿ, ಬರ್ಫರ್ಡ್ ಸ್ಪರ್ ಎಂಬ ಹುಲ್ಲುಗುಡ್ಡದ ಬೆನ್ನಿನ ಮೇಲೆ ಇಳಿಯುವುದು ಒಳ್ಳೆಯದು. ಮಂಡಿಗೆ ಏಟು ಬೀಳುವುದು ಇಳಿಯುವಾಗ, ಅದರಲ್ಲೂ ಎತ್ತರದ ಮೆಟ್ಟಿಲಿಂದ ಧೊಪ್ಪನೆ ಕಾಲೂರುವಾಗ. ಆದರೆ ಹುಲ್ಲು ಒಣಗಿರಬೇಕು, ಒದ್ದೆಯಾಗಿದ್ದರೆ ಅದು ಜಾರುಬಂಡೆ. ಊರುಗೋಲುಗಳು ಎರಡಿರಲಿ. ಸಮತಟ್ಟಿನಲ್ಲಿ ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಬಾಗಬೇಕು. ಇಳಿಯುವಾಗ ಕೋಲನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಶೌಚಾಲಯ, ಕೆಫೆ ಎರಡೂ ಮೇಲೆ ಇವೆ.

ಸಮಯದ ಲೆಕ್ಕಕ್ಕೆ 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನವರ ಲೆಕ್ಕ. ನೀವು ಗಂಟೆಗೆ 3 ಕಿ.ಮೀ. ಎಂದಿಟ್ಟುಕೊಳ್ಳಿ.

ಪ್ರಶ್ನೆ: ಗಿಲ್ಫರ್ಡ್‌ನಲ್ಲಿ ಓದುತ್ತಿದ್ದೇನೆ. ನಾರ್ತ್ ಡೌನ್ಸ್ ಸುಣ್ಣದ ಗುಡ್ಡ, ನೀರು ಬೇಗ ಇಂಗುತ್ತದೆ ಎಂದು ಓದಿದ್ದೆ. ನವೆಂಬರಿನಲ್ಲಿ ರಾನ್‌ಮೋರ್‌ಗೆ ಹೋದರೆ ಇಳಿಜಾರು ಚೆನ್ನಾಗಿತ್ತು, ಗುಡ್ಡದ ತಲೆಯ ಮೇಲೆ ಪಾದ ಹೂತುಹೋಯಿತು. ಮೇಲೆ ಹೇಗೆ ಕೆಸರು? ಅಂದಹಾಗೆ, ಗುಡ್ಡಕ್ಕೆ ‘ಡೌನ್’ ಎನ್ನುವುದೇಕೆ?

ಹೆಸರಿನದು ಮೊದಲು. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಎಂದರೆ ಗುಡ್ಡ. ಕೆಳಗೆ ಎಂಬ ಅರ್ಥದ ಪದ ‘ಗುಡ್ಡದಿಂದ’ ಎಂಬುದರಿಂದ ಆಮೇಲೆ ಹುಟ್ಟಿತು.

ಕೆಸರಿಗೆ ಕಾರಣ ಗುಡ್ಡದ ಟೊಪ್ಪಿಗೆ. ನಾರ್ತ್ ಡೌನ್ಸಿನ ಒಡಲು ಸೀಮೆಸುಣ್ಣವೇ ಹೌದು, ನೀರು ಅದರಲ್ಲಿ ಸೋರಿಹೋಗುತ್ತದೆ. ಮೋಲ್ ನದಿಯೇ ಡಾರ್ಕಿಂಗ್ ಮತ್ತು ಲೆದರ್‌ಹೆಡ್ ನಡುವೆ ತಳದ ಬಿಲಗಳಲ್ಲಿ ಇಂಗಿ, ಬರಗಾಲದಲ್ಲಿ ಕೆಲವು ಕಡೆ ಪಾತ್ರ ಒಣಗಿ ನಿಲ್ಲುವುದುಂಟು. ಆದರೆ ರಾನ್‌ಮೋರ್‌ನಂಥ ಕಡೆ ಸುಣ್ಣದ ಮೇಲೆ ಚಕಮಕಿ ಕಲ್ಲು ಬೆರೆತ ಜೇಡಿಮಣ್ಣಿನ ಪದರ ಹಾಸಿಕೊಂಡಿದೆ. ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಅದರ ಮೇಲೆ ಕುದುರೆ ಸವಾರರೂ ಓಡಾಡಿದರೆ ಗೊರಸಿನ ಗುಂಡಿಗಳಲ್ಲಿ ನೀರು ನಿಂತು ಮಾರ್ಚ್‌ವರೆಗೂ ಆರುವುದಿಲ್ಲ.

ಕಾಲ ಕೆಳಗಿನ ಬಣ್ಣ ನೋಡುವುದನ್ನು ರೂಢಿಸಿಕೊಳ್ಳಿ. ಬಿಳಿ ಇದ್ದರೆ ಸುಣ್ಣ: ಕೆಸರು ಕಡಿಮೆ, ಆದರೆ ಒದ್ದೆಯಾದ ಬರಿ ಸುಣ್ಣದ ಮೇಲೆ ಸೋಪು ಸವರಿದ ಹಾಗೆ ಜಾರುತ್ತದೆ. ಹಿಮ್ಮಡಿಯನ್ನು ಮೊದಲು ಊರದೆ, ಪಾದ ಪೂರ್ತಿ ನೆಲಕ್ಕೆ ತಾಗುವಂತೆ ಗಿಡ್ಡ ಹೆಜ್ಜೆ ಹಾಕಿ. ಕಂದು ಬಣ್ಣ, ನಡುನಡುವೆ ಕರಿ ಹೊಳಪಿನ ಚೂಪು ಕಲ್ಲು ಇದ್ದರೆ ಆ ಟೊಪ್ಪಿಗೆಯ ಮೇಲಿದ್ದೀರಿ. ಕಿತ್ತಳೆ ಮರಳಾದರೆ ನಿಶ್ಚಿಂತೆ.

ಹಾಗಾಗಿ ಮಳೆಯ ಮರುದಿನ ಹೋಗಲು ಲೀತ್ ಹಿಲ್ ಅತ್ಯುತ್ತಮ. ಅದು ಮರಳುಗಲ್ಲಿನ ಗುಡ್ಡ, ಬೇಗ ಆರುತ್ತದೆ. ಎತ್ತರ 294 ಮೀಟರ್, ಸರ್ರೆಯಲ್ಲೇ ದೊಡ್ಡದು. 18ನೆಯ ಶತಮಾನದಲ್ಲಿ ರಿಚರ್ಡ್ ಹಲ್ ಎಂಬಾತ ಕಟ್ಟಿಸಿದ ಗೋಪುರ ಹತ್ತಿದರೆ ಸಾವಿರ ಅಡಿ ದಾಟುತ್ತೀರಿ. ಚಳಿಗಾಲದಲ್ಲಿ ಡಾರ್ಕಿಂಗ್‌ನ ದಕ್ಷಿಣಕ್ಕಿರುವ ವೀಲ್ಡ್ ಬಯಲಿನ ಹೊಲದಾರಿಗಳನ್ನು ಮಾತ್ರ ಬಿಟ್ಟುಬಿಡಿ. ಅದು ಅಪ್ಪಟ ಜೇಡಿ. 5 ಕಿ.ಮೀ. ದಾರಿಗೆ 10 ಕಿ.ಮೀ. ದಣಿವು ಕೊಡುತ್ತದೆ.

ಬೂಟಿನ ತಳದ ಹಲ್ಲು 4–5 ಮಿ.ಮೀ. ಆದರೂ ಇರಬೇಕು, ಸಂದು ಅಗಲವಿರಬೇಕು. ಒತ್ತೊತ್ತಾಗಿದ್ದರೆ ಜೇಡಿ ತುಂಬಿಕೊಂಡು ತಳ ನುಣ್ಣಗಾಗುತ್ತದೆ. ಕೆಸರು ಕಂಡರೆ ದಾರಿಯ ಅಂಚಿಗೆ ಸರಿಯಬೇಡಿ, ನಡುವೆಯೇ ನಡೆಯಿರಿ. ಎಲ್ಲರೂ ಅಂಚು ಹಿಡಿದರೆ ದಾರಿ ಅಗಲವಾಗುತ್ತ ಹೋಗಿ ಪಕ್ಕದ ಸಸಿಗಳು ಸಾಯುತ್ತವೆ. ಮನೆಗೆ ಬಂದು ಬೂಟನ್ನು ಹೀಟರ್ ಮೇಲಿಟ್ಟರೆ ಚರ್ಮ ಬಿರಿಯುತ್ತದೆ, ತಳದ ಅಂಟು ಬಿಡುತ್ತದೆ. ಹಾಳೆ ಉಂಡೆ ಮಾಡಿ ಒಳಗೆ ತುರುಕಿ, ಎರಡು ಸಲ ಬದಲಿಸಿ, ಗಾಳಿಯಲ್ಲಿ ಒಣಗಿಸಿ.

ಪ್ರಶ್ನೆ: ನಕಾಶೆಯಲ್ಲಿ ಕಾಲುದಾರಿ ಎಂದಿದ್ದ ಕಡೆ ಹೊಲ ಉತ್ತಿತ್ತು, ಇನ್ನೊಂದು ಕಡೆ ಬೆಳೆಯೇ ನಿಂತಿತ್ತು. ನುಗ್ಗಿದರೆ ಅತಿಕ್ರಮಣವಾಗುತ್ತದೆಂದು ಹೆದರಿ ವಾಪಸ್ ಬಂದೆವು. ಸರಿಯೆ? — ವೋಕಿಂಗ್

ವಾಪಸ್ ಬರಬೇಕಿರಲಿಲ್ಲ. ಸಾರ್ವಜನಿಕ ಕಾಲುದಾರಿಯ ಹಕ್ಕು ನೆಲಕ್ಕೆ ಅಂಟಿದ್ದು. ಜಮೀನು ಯಾರದ್ದಾದರೂ ಆ ಗೆರೆಯ ಮೇಲೆ ನಡೆಯಲು ನಿಮಗೆ ಅಧಿಕಾರವಿದೆ. ಹೊಲದ ನಡುವೆ ಹಾಯುವ ದಾರಿಯನ್ನು ರೈತ ಉಳಬಹುದು, ಆದರೆ ಮೊದಲ ಉಳುಮೆಯಾದ 14 ದಿನದೊಳಗೆ ಕನಿಷ್ಠ 1 ಮೀಟರ್ ಅಗಲಕ್ಕೆ ಸಮ ಮಾಡಿ ಗುರುತು ಕಾಣುವಂತೆ ಬಿಡಬೇಕು. ಬೆಳೆ ಅದರ ಮೇಲೆ ಬೆಳೆಯಲು ಬಿಡುವಂತಿಲ್ಲ. ಹೊಲದ ಬದುವಿನ ಮೇಲಿನ ದಾರಿಯನ್ನಂತೂ ಉಳುವಂತೆಯೇ ಇಲ್ಲ. ಬೆಳೆ ಅಡ್ಡ ಬಂದರೆ ಆ ಗೆರೆಯಲ್ಲೇ ಒಬ್ಬರ ಹಿಂದೊಬ್ಬರು ನಡೆಯಿರಿ. ಮರ್ಯಾದೆಗೆಂದು ಹೊಲ ಸುತ್ತಿ ಹೋದರೆ ಅಲ್ಲೇ ಅತಿಕ್ರಮಣವಾದೀತು. ಜಾಗ ಗುರುತಿಸಿ ಕೌಂಟಿ ಕೌನ್ಸಿಲ್‌ಗೆ ತಿಳಿಸಿ. ದಾರಿ ತೆರವು ಮಾಡಿಸುವುದು ಅವರ ಹೊಣೆ.

ಗೆರೆ ನಿಖರವಾಗಿ ಎಲ್ಲಿದೆ ಎಂದು ತಿಳಿಯಲು ಬ್ರಿಟನ್ನಿನ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕಾಶೆ ಬೇಕು. ಡಾರ್ಕಿಂಗ್, ಬಾಕ್ಸ್ ಹಿಲ್ ಸುತ್ತಿನದು 146, ಗಿಲ್ಫರ್ಡ್ ಕಡೆಯದು 145. ಪ್ರಮಾಣ 1:25,000, ಅಂದರೆ 4 ಸೆಂ.ಮೀ.ಗೆ 1 ಕಿ.ಮೀ. ಹಸಿರು ಗಿಡ್ಡ ಗೀಟುಗಳು ಕಾಲುದಾರಿ, ಉದ್ದ ಗೀಟುಗಳು ಕುದುರೆಯೂ ಸೈಕಲ್ಲೂ ಹೋಗಬಹುದಾದ ದಾರಿ. ಕರಿ ಗೀಟು ನೋಡಿ ಮೋಸ ಹೋಗಬೇಡಿ. ನೆಲದ ಮೇಲೆ ದಾರಿಯಿದೆ ಎಂದಷ್ಟೇ ಅದರ ಅರ್ಥ, ನಡೆಯುವ ಹಕ್ಕಿದೆ ಎಂದಲ್ಲ. ಕಂಬಗಳ ಮೇಲೆ ಹಳದಿ ಬಾಣ ಕಾಲುದಾರಿಗೆ, ನೀಲಿ ಕುದುರೆದಾರಿಗೆ. ಡಾರ್ಕಿಂಗ್, ಗಿಲ್ಫರ್ಡ್ ಕಡೆ ಓಕ್ ಬೀಜದ ಚಿತ್ರ ಕಂಡರೆ ಫಾರ್ನಮ್‌ನಿಂದ ಡೋವರ್‌ವರೆಗೆ 246 ಕಿ.ಮೀ. ಹೋಗುವ ನಾರ್ತ್ ಡೌನ್ಸ್ ವೇ ಮೇಲಿದ್ದೀರಿ. ಬೇಲಿ ದಾಟಲು ನಮ್ಮ ಕರಾವಳಿಯ ತಡಮೆಯಂಥ ಮೆಟ್ಟಿಲುಗಳಿರುತ್ತವೆ. ಗೇಟು ಇದ್ದರೆ ನೀವು ಬಂದಾಗ ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದಿಡಿ. ತೆರೆದ ಗೇಟು ದನಗಳಿಗೆ ನೀರಿನ ದಾರಿಯಾಗಿರಬಹುದು.

ಪ್ರಶ್ನೆ: ದಾರಿ ದನಗಳಿರುವ ಹುಲ್ಲುಗಾವಲಿನೊಳಗೆ ಹೋಗುತ್ತದೆ. ಹಳ್ಳಿಯವರೇ ಆದ ನಾವು ಹೆದರಬೇಕೆ? — ಹಾಸನ

ಹಳ್ಳಿಯವರಾಗಿರುವುದೇ ಇಲ್ಲಿ ತೊಡಕು. ನಮ್ಮ ಹಸುಗಳು ದಿನಾ ಮನುಷ್ಯರ ಕೈಯಲ್ಲಿ ಹಗ್ಗ ಹಿಡಿಸಿಕೊಂಡು ಬೆಳೆದವು. ಅಲ್ಲಿನ ಮಾಂಸದ ತಳಿಯ ಹಸುಗಳು ಕರುಗಳ ಜೊತೆ ಬಯಲಲ್ಲೇ ಇರುತ್ತವೆ, ಅಪರಿಚಿತರ ಮೈದಡವುವಿಕೆ ಅವಕ್ಕೆ ಗೊತ್ತಿಲ್ಲ. ತಾಯಿಗೂ ಕರುವಿಗೂ ನಡುವೆ ಹಾಯಬೇಡಿ. ದೂರದಿಂದ, ಸದ್ದಿಲ್ಲದೆ, ಓಡದೆ ದಾಟಿ. ಅಪಾಯ ಎನಿಸಿದರೆ ದಾರಿ ಬಿಟ್ಟು ಸುತ್ತಿ ಹೋಗಿ, ಸಾಧ್ಯವಾದಷ್ಟು ಬೇಗ ದಾರಿಗೆ ಮರಳಿ. ನಾಯಿ ಜೊತೆಗಿದ್ದರೆ ಗಿಡ್ಡ ಹಗ್ಗದಲ್ಲಿ ಹಿಡಿದಿರಿ. ದನ ಅಟ್ಟಿಸಿಕೊಂಡು ಬಂದರೆ ಮಾತ್ರ ಕೈಬಿಡಿ. ಅವು ಬರುವುದು ನಾಯಿಯ ಮೇಲೆ, ಅದು ಓಡಿ ತಪ್ಪಿಸಿಕೊಳ್ಳುತ್ತದೆ, ನೀವೂ ಉಳಿಯುತ್ತೀರಿ.

ಪ್ರಶ್ನೆ: ಅಲ್ಲಿಯ ಕಾಡಲ್ಲೂ ಉಣುಗು ಇದೆಯಂತೆ. ಮಂಗನ ಕಾಯಿಲೆಯ ಊರಿನವರಾದ ನಮಗೆ ಅದೇ ಚಿಂತೆ. — ತೀರ್ಥಹಳ್ಳಿ

ಉಣುಗು ಇದೆ, ಮಂಗನ ಕಾಯಿಲೆ ಅಲ್ಲಿಲ್ಲ. ಅಲ್ಲಿನ ಉಣುಗು ಮುಖ್ಯವಾಗಿ ತರಬಹುದಾದದ್ದು ಲೈಮ್ ಕಾಯಿಲೆ. ಇದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಎಲ್ಲ ಉಣುಗಿನಲ್ಲೂ ಅದು ಇರುವುದಿಲ್ಲ. ಎದೆಮಟ್ಟದ ಜರಿಗಿಡ, ಉದ್ದ ಹುಲ್ಲು ಇರುವ ಕಡೆ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿ ಬಣ್ಣದ ಬಟ್ಟೆ ತೊಡಿ. ಮನೆಗೆ ಬಂದು ತೊಡೆಸಂದಿ, ಕಂಕುಳು, ಮಂಡಿಯ ಹಿಂಭಾಗ, ಮಕ್ಕಳದ್ದಾದರೆ ಕೂದಲಂಚನ್ನೂ ನೋಡಿ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ.

ಕಚ್ಚಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ. ಹೊಟ್ಟೆ ಹಿಂಡಬೇಡಿ. ಸೀಮೆಎಣ್ಣೆ, ಬೀಡಿಯ ಕೆಂಡ, ಸುಣ್ಣ ಯಾವುದೂ ಬೇಡ. ಕಾಟಕ್ಕೆ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಚ್ಚಿದ ಜಾಗದ ಸುತ್ತ ದಿನೇ ದಿನೇ ಹಿಗ್ಗುವ ಕೆಂಪು ವರ್ತುಲ ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ ಕಾಣುತ್ತದೆ, 3 ತಿಂಗಳವರೆಗೂ ಕಾಣಬಹುದು. ಅಲ್ಲಿದ್ದರೆ ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ. ಊರಿಗೆ ಬಂದ ಮೇಲೆ ಕಂಡರೆ ಇಂಗ್ಲೆಂಡಿನಲ್ಲಿ ಉಣುಗು ಕಚ್ಚಿತ್ತು ಎಂದು ವೈದ್ಯರಿಗೆ ತಪ್ಪದೆ ಹೇಳಿ, ಹೇಳದಿದ್ದರೆ ಅವರಿಗೆ ಹೊಳೆಯುವ ಕಾಯಿಲೆಯಲ್ಲ ಅದು. ಇಂಬಳದ ಕಾಟ ಅಲ್ಲಿಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಊಟ ಮುಗಿಸಿ ಹೊರಡಬಹುದೆ? — ಧಾರವಾಡ

ಬೇಡ. ಸಂಜೆ 3:50ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಬೆಳಿಗ್ಗೆ 10ಕ್ಕೆ ಹೊರಟು 3ಕ್ಕೆ ನಿಲ್ದಾಣದಲ್ಲಿರಿ. ಟಾರ್ಚ್ ಒಯ್ಯಿರಿ, ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ.

ಪ್ರಶ್ನೆ: ನಮ್ಮ ಗುಡ್ಡಗಳಲ್ಲಿ ಗುರಿಗೆ ಅರಳಿದ ಹಾಗೆ ಅಲ್ಲಿ ಕಾಡಿನ ನೆಲವೇ ನೀಲಿಯಾಗುತ್ತದಂತೆ. ಯಾವಾಗ, ಎಲ್ಲಿ? — ಚಿಕ್ಕಮಗಳೂರು

ಅದು ಬ್ಲೂಬೆಲ್. ಗುರಿಗೆಯಂತೆ ವರ್ಷಗಟ್ಟಲೆ ಕಾಯಬೇಕಿಲ್ಲ, ಪ್ರತಿ ವಸಂತದಲ್ಲೂ ಅರಳುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ಮೇಲಿನ ಮರಗಳು ಎಲೆ ತುಂಬಿಕೊಂಡು ಬೆಳಕು ಮುಚ್ಚುವ ಮೊದಲೇ ಹೂ ಬಿಟ್ಟು ಮುಗಿಸಿಕೊಳ್ಳುವ ಅವಸರ ಅದರದ್ದು. ಗಾಡಲ್ಮಿಂಗ್ ಬಳಿಯ ವಿಂಕ್‌ವರ್ತ್, ಗಿಲ್ಫರ್ಡ್‌ನ ಪೂರ್ವಕ್ಕಿರುವ ಹ್ಯಾಚ್‌ಲ್ಯಾಂಡ್ಸ್, ಲೀತ್ ಹಿಲ್‌ನ ಕಾಡು ಇದಕ್ಕೆ ಹೆಸರಾದವು. ಫೋಟೋಗೆಂದು ಹೂವಿನ ನಡುವೆ ಹೆಜ್ಜೆ ಇಡಬೇಡಿ. ಹೂವು ಮುರಿದರೆ ಆ ವರ್ಷದ ನಷ್ಟ. ಎಲೆ ನಜ್ಜುಗುಜ್ಜಾದರೆ ನೆಲದೊಳಗಿನ ಗೆಡ್ಡೆಗೆ ಅನ್ನ ಸಿಗದೆ ಸೊರಗುತ್ತದೆ, ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ದಾರಿಯಂಚಿನಲ್ಲಿ ಮಂಡಿಯೂರಿ ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ. ಆ ಕೋನದಿಂದ ಗಿಡಗಳ ನಡುವಿನ ಖಾಲಿ ನೆಲ ಮರೆಯಾಗಿ, ಕಾಡಿನ ಆಳದವರೆಗೂ ಬರೀ ನೀಲಿಯೇ ಕಾಣುತ್ತದೆ.