ಬಿಪಿ ಏರಿದ್ದು ನನ್ನ ತಪ್ಪಾ ಡಾಕ್ಟ್ರೇ?

ಪ್ರಶ್ನೆ: ನನಗೆ 31 ವರ್ಷ. ಮೂರು ವರ್ಷದ ಹಿಂದೆ ಮೊದಲ ಬಸಿರು. ಏಳು ತಿಂಗಳು ತುಂಬುವವರೆಗೆ ಏನೂ ತೊಂದರೆ ಇರಲಿಲ್ಲ. 33ನೇ ವಾರದಲ್ಲಿ ಉಂಗುರ ಬೆರಳಿಂದ ಬರಲೇ ಇಲ್ಲ, ಸೋಪು ಹಚ್ಚಿ ತೆಗೆದೆ. ಬಸುರಿಗೆ ಊತ ಇದ್ದದ್ದೇ ಅಂದರು, ಸುಮ್ಮನಾದೆ. ಮಾರನೇ ದಿನ ವಿಪರೀತ ತಲೆನೋವು, ಕಣ್ಣ ಮುಂದೆ ಮಿಣುಕು. ಆಸ್ಪತ್ರೆಗೆ ಹೋದರೆ ಬಿಪಿ 170/110. ಏನೋ ಇಂಜೆಕ್ಷನ್ ಕೊಟ್ಟರು, ಮೈಯೆಲ್ಲ ಒಳಗಿಂದ ಕಾದ ಹಾಗಾಯಿತು. ಆಮೇಲೆ ಸಿಸೇರಿಯನ್. ಮಗು 1.7 ಕೆ.ಜಿ. ಇದ್ದಳು, ಈಗ ಚೆನ್ನಾಗಿದ್ದಾಳೆ. ಎಂಟನೇ ತಿಂಗಳಲ್ಲೂ ಕೆಲಸಕ್ಕೆ ಹೋದಳು, ಸಿಟ್ಟೂ ಜಾಸ್ತಿ, ಅದಕ್ಕೇ ಬಿಪಿ ಬಂತು ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಈಗ ಇನ್ನೊಂದು ಮಗು ಬೇಕು ಅನಿಸುತ್ತಿದೆ. ಮತ್ತೆ ಹೀಗೇ ಆಗುತ್ತಾ?

ಉತ್ತರ: ಮೊದಲು ಮನೆಯವರಿಗೆ ಉತ್ತರ ಕೊಟ್ಟುಬಿಡುತ್ತೇನೆ. ಸಿಟ್ಟಿನಿಂದ ಇದು ಬರುವುದಾದರೆ ನನ್ನ ಎರಡೂ ಬಸಿರಲ್ಲಿ ಬರಬೇಕಿತ್ತು. ನನ್ನ ಜೊತೆ ಡ್ಯೂಟಿ ಮಾಡಿದವರನ್ನು ಬೇಕಾದರೆ ಕೇಳಿ.

ನಿಮಗೆ ಬಂದದ್ದು ಪ್ರೀಎಕ್ಲಾಂಪ್ಸಿಯಾ. ಇದರ ಬೇರು ಮಾಸುವಿನಲ್ಲಿದೆ, ಪ್ಲಾಸೆಂಟಾ ಅಂತೀವಲ್ಲ, ಅದರಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ರಕ್ತನಾಳಗಳೊಳಗೆ ಇಳಿದು ಅವನ್ನು ಅಗಲ ಮಾಡಿಕೊಳ್ಳಬೇಕು. ಕೆಲವರಲ್ಲಿ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ರಕ್ತ ಸಾಲದ ಮಾಸು ಕೆಲವು ಅಂಶಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಮೈಯ ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತವೆ. ಆಗ ಬಿಪಿ ಏರುತ್ತದೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ, ಲಿವರ್‌ಗೂ ಮಿದುಳಿಗೂ ಬಿಸಿ ತಟ್ಟುತ್ತದೆ. ಅಂದರೆ ನಿಮ್ಮ ಉಂಗುರ ಬಿಗಿಯಾಗುವ ಎಷ್ಟೋ ವಾರ ಮೊದಲೇ ಶುರುವಾಗಿದ್ದ ಕತೆ ಇದು. ನೀವು ರಜೆ ಹಾಕಿ ಮನೆಯಲ್ಲಿ ಕೂತಿದ್ದರೂ ಆಗುತ್ತಿತ್ತು.

ಮೈ ಕಾದ ಹಾಗಾಯಿತು ಅಂದಿರಲ್ಲ, ಅದು ಮೆಗ್ನೀಸಿಯಂ ಸಲ್ಫೇಟ್ ಇರಬೇಕು. ಬಿಪಿ ಇಳಿಸಲು ಅಲ್ಲ, ಫಿಟ್ಸ್ ಬಾರದಿರಲಿ ಅಂತ ಕೊಡುತ್ತೇವೆ. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದ ಅಧ್ಯಯನ 2002ರಲ್ಲಿ ಬಂತು. ಈ ಔಷಧಿ ಪಡೆದವರಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆ ಉರಿ ಸಾರ್ಥಕ ಅಂದುಕೊಳ್ಳಿ.

ಮತ್ತೆ ಬರುತ್ತಾ? ಬರಬಹುದು. ಒಮ್ಮೆ ಬಂದವರಲ್ಲಿ ಒಟ್ಟಾರೆ ಆರು ಮಂದಿಯಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ನಿಮ್ಮ ಹಾಗೆ 34 ವಾರಕ್ಕೂ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದವರಲ್ಲಿ ಮೂರು ನಾಲ್ಕು ಮಂದಿಗೆ ಒಬ್ಬರು. ಆದರೆ ಎರಡನೇ ಸಲ ಬಂದರೂ ಸಾಮಾನ್ಯವಾಗಿ ತಡವಾಗಿ, ಮೆಲ್ಲಗೆ ಬರುತ್ತದೆ. ಈ ಸಲ ನಮ್ಮ ಕೈಯಲ್ಲಿ ಒಂದು ಮಾತ್ರೆಯೂ ಇದೆ. ಕಡಿಮೆ ಡೋಸ್‌ನ ಆಸ್ಪಿರಿನ್. 12ನೇ ವಾರದಿಂದ, ತಡ ಎಂದರೆ 16ನೇ ವಾರದೊಳಗೆ, ರಾತ್ರಿ ಒಂದು. 2017ರ ದೊಡ್ಡ ಅಧ್ಯಯನವೊಂದರಲ್ಲಿ 150 ಮಿ.ಗ್ರಾಂ. ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ತರಹದ ಪ್ರೀಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಹಾಗಂತ ನೀವೇ ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ಡಾಕ್ಟರ್ ಬರೆದುಕೊಡಲಿ. ಬಸಿರಾಗುವ ಮೊದಲೇ ಒಮ್ಮೆ ಬಿಪಿ, ಮೂತ್ರದ ಪ್ರೋಟೀನ್, ಕಿಡ್ನಿ ಪರೀಕ್ಷೆ ಮಾಡಿಸಿ. ಈಗ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಕೆಲವು ಮಾತ್ರೆ ಬಸಿರಿಗೆ ಆಗಿಬರುವುದಿಲ್ಲ.

ಮನೆಯಲ್ಲಿ ಬಿಪಿ ಮಿಷನ್ ಇಟ್ಟುಕೊಳ್ಳಿ. ಆದರೆ ಅದನ್ನು ಸರಿಯಾಗಿ ಬಳಸುವವರು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಮೊನ್ನೆ ಒಬ್ಬರು ಮೆಟ್ಟಿಲು ಹತ್ತಿ ಬಂದವರೇ ಕೈ ಚಾಚಿದರು. ಪಟ್ಟಿ ಉಬ್ಬುತ್ತಿದೆ, ಇವರು ಕಾಲ ಮೇಲೆ ಕಾಲು ಹಾಕಿಕೊಂಡು ತಂಗಿಯ ಜಗಳದ ಕತೆ ಹೇಳುತ್ತಿದ್ದಾರೆ. 148/92. ಐದು ನಿಮಿಷ ಬಾಯಿ ಮುಚ್ಚಿ ಕೂರಿಸಿದೆ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. 124/78! ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಿದ್ದರೂ ಲೆಕ್ಕ ಸುಳ್ಳೇ, ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ನಿಮ್ಮ ಮಿಷನ್ನನ್ನು ಒಮ್ಮೆ ಕ್ಲಿನಿಕ್ಕಿಗೆ ತಂದು ನಮ್ಮದರ ಜೊತೆ ತಾಳೆ ನೋಡಿ. ಹೀಗೆ ಕೂತು ನೋಡಿದ ಮೇಲೂ ಎರಡರಲ್ಲಿ ಒಂದು ಸಂಖ್ಯೆ 140/90 ಮುಟ್ಟಿದ್ದರೆ ಅವತ್ತೇ ಫೋನ್ ಮಾಡಿ. 160/110 ಮುಟ್ಟಿದರೆ ಫೋನೂ ಬೇಡ, ಹೊರಟುಬಿಡಿ. ಮಾತ್ರೆಗೆ ಬಗ್ಗದ ತಲೆನೋವು, ಕಣ್ಣು ಮಂಜು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು, ಮಗು ಅಲುಗಾಟ ಕಡಿಮೆಯಾಗುವುದು, ಇವಕ್ಕೂ ಅಷ್ಟೇ. ಮಿಷನ್ ಏನೇ ಹೇಳಲಿ.

ಮಗು ಹೊರಗೆ ಬಂದರೆ ಮುಗೀತು ಅಂದುಕೊಳ್ಳುತ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಪಿ.ಜಿ. ಮಾಡುವಾಗ, ಹೆರಿಗೆಯಾಗಿ ಐದನೇ ದಿನಕ್ಕೆ ಒಬ್ಬಳು ತಲೆನೋವು ಅಂತ ಬಂದಳು. ಮಗು ನಿದ್ದೆ ಕೊಡುತ್ತಿಲ್ಲ, ಇನ್ನೇನು ಅಂತ ಪ್ಯಾರಾಸಿಟಮಾಲ್ ಬರೆದೆ. ಅವಳು ಚೀಟಿ ಹಿಡಿದು ಎದ್ದಿದ್ದಳು. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ "ಬಿಪಿ ನೋಡಿದ್ರಾ ಮೇಡಂ?" ಅಂದರು. ನೋಡಿರಲಿಲ್ಲ. ನೋಡಿದರೆ 168/112. ಆ ಚೀಟಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೆರಿಗೆಯ ನಂತರ ಆರು ವಾರದವರೆಗೂ ಇದು ತಲೆ ಎತ್ತಬಹುದು.

ಇನ್ನೊಂದು. ಪ್ರೀಎಕ್ಲಾಂಪ್ಸಿಯಾ ಬಂದವರಿಗೆ ಮುಂದೆ ಹೃದಯದ ಕಾಯಿಲೆ, ಲಕ್ವದ ಸಾಧ್ಯತೆ ಬೇರೆಯವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಎರಡನೇ ಮಗು ಬೇಡ ಅಂದುಕೊಂಡರೂ ವರ್ಷಕ್ಕೊಮ್ಮೆ ಬಿಪಿ ನೋಡಿಸಿ.

ಪ್ರಶ್ನೆ: ನನಗೀಗ 9 ವಾರ. ಮೊನ್ನೆ ಸ್ವಲ್ಪ ರಕ್ತ ಕಂಡಿತು. ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಚೆನ್ನಾಗಿದೆ ಅಂದರು. ಹೋದ ವರ್ಷ ಒಂದು ಗರ್ಭ ನಿಲ್ಲಲಿಲ್ಲ. ನಾನು ಭಾರ ಎತ್ತಿದ್ದೇ ತಪ್ಪಾಯ್ತಾ? ಹಾಸಿಗೆ ಬಿಟ್ಟು ಏಳಬೇಡ ಅಂತ ನಮ್ಮವರು ಹೇಳುತ್ತಿದ್ದಾರೆ.

ಉತ್ತರ: ನೀವೂ "ನನ್ನ ತಪ್ಪಾ" ಅಂತಲೇ ಕೇಳಿದಿರಿ! ಅಲ್ಲ. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ಆದ ಏರುಪೇರು. ಮಲಗಿದರೆ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ದಿನಗಟ್ಟಲೆ ಅಲುಗದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಎದ್ದು ಓಡಾಡಿ. ಒಮ್ಮೆ ಗರ್ಭಪಾತ ಆಗಿ, ಈ ಸಲವೂ ರಕ್ತ ಕಂಡವರಿಗೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಔಷಧಿ ಸ್ವಲ್ಪ ಸಹಾಯ ಮಾಡುತ್ತದೆ, ನಿಮ್ಮ ಡಾಕ್ಟರನ್ನು ಕೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ. ಗಂಟೆಗೊಂದು ಪ್ಯಾಡ್ ತೊಯ್ದರೆ, ತಲೆ ಸುತ್ತಿದರೆ ತಡ ಮಾಡಬೇಡಿ.

ಪ್ರಶ್ನೆ: ವಯಸ್ಸು 57. ಮುಟ್ಟು ನಿಂತು ಆರು ವರ್ಷ. ಕಳೆದ ತಿಂಗಳು ಎರಡು ದಿನ ಕಲೆ ಕಂಡಿತು, ಈಗ ನಿಂತಿದೆ. ಮಗಳಿಗೆ ಹೇಳಲು ಸಂಕೋಚ. ಸುಮ್ನೆ ಇರಬಹುದಾ?

ಉತ್ತರ: ಬೇಡಮ್ಮ. ನಿಂತರೂ ತೋರಿಸಬೇಕು. ಹೆಚ್ಚಿನವರಲ್ಲಿ ಒಳಚರ್ಮ ಒಣಗಿ ತೆಳುವಾಗಿದ್ದರಿಂದಲೋ ಪಾಲಿಪ್ ಅನ್ನುವ ಸಣ್ಣ ಗಂಟಿನಿಂದಲೋ ಹೀಗಾಗುತ್ತದೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕರೆ ಗುಣವಾಗುವ ಕ್ಯಾನ್ಸರ್ ಅದು. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಆ ಪದರದ ದಪ್ಪ ನೋಡುತ್ತಾರೆ. 4 ಮಿ.ಮೀ. ದಾಟಿದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಇದೇ ವಾರ ಹೋಗಿ. ಮಗಳಿಗೆ ಬಾಯಿಬಿಟ್ಟು ಹೇಳಲಾಗದಿದ್ದರೆ ಈ ಪುಟ ಮಡಚಿ ಅವಳ ಕೈಗೆ ಕೊಡಿ.