ಓದುಗರ ಪ್ರಶ್ನೆಗಳು: ಹೊಸ ಲಸಿಕೆ, ಹಳೆಯ ಅನುಮಾನ

ಕೋವಿಡ್ ಲಸಿಕೆಗಳ ಬಗ್ಗೆ ಓದುಗರ ಪತ್ರಗಳು ಬರುವುದು ಇನ್ನೂ ನಿಂತಿಲ್ಲ. ಕೆಲವು ಪತ್ರಗಳಲ್ಲಿ ಕೋಪವಿದೆ, ಕೆಲವುಗಳಲ್ಲಿ ಭಯವಿದೆ. ಹೆಚ್ಚಿನವುಗಳಲ್ಲಿ ಆ ಗಡಿಬಿಡಿಯ ದಿನಗಳಲ್ಲಿ ಯಾರೂ ಸಮಾಧಾನವಾಗಿ ಕುಳಿತು ಉತ್ತರಿಸದೆ ಹೋದ ಪ್ರಶ್ನೆಗಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಬೇಕೆಂದೇ ಕೈಬಿಟ್ಟಿದ್ದೇವೆ.

ಪ್ರಶ್ನೆ: ಒಂದು ಲಸಿಕೆ ಸಿದ್ಧವಾಗಲು ಹತ್ತು ವರ್ಷ ಬೇಕೆಂದು ಎಲ್ಲರೂ ಹೇಳುತ್ತಿದ್ದರು. ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂದಿತು. ಹಾಗಾದರೆ ಉಳಿದ ಒಂಬತ್ತು ವರ್ಷಗಳ ಕೆಲಸವನ್ನು ಮಾಡದೆಯೇ ಬಿಟ್ಟರೆಂದು ಅರ್ಥವಲ್ಲವೇ?

ಉತ್ತರ: ಆ ಹತ್ತು ವರ್ಷಗಳಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚಿರುತ್ತದೆ. ಹಣ ಮಂಜೂರಾಗುವವರೆಗೆ ಕಾಯಬೇಕು, ಸ್ವಯಂಸೇವಕರು ಸಿಗುವವರೆಗೆ ಕಾಯಬೇಕು, ಒಂದು ಹಂತದ ವರದಿ ನಿಯಂತ್ರಣ ಸಂಸ್ಥೆಯ ಮೇಜಿನ ಮೇಲೆ ತನ್ನ ಸರದಿಗಾಗಿ ಕಾಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರಯೋಗದಲ್ಲಿ ಪಾಲ್ಗೊಂಡವರಲ್ಲಿ ಲೆಕ್ಕಕ್ಕೆ ಸಾಲುವಷ್ಟು ಮಂದಿಗೆ ರೋಗ ತಗಲುವವರೆಗೆ ಕಾಯಬೇಕು. 2020ರಲ್ಲಿ ಈ ಕೊನೆಯ ಕಾಯುವಿಕೆಯನ್ನು ಸಾಂಕ್ರಾಮಿಕವೇ ಮೊಟಕುಗೊಳಿಸಿತು. ರೋಗ ಎಲ್ಲೆಡೆ ಹರಡಿದ್ದ ಕಾರಣ ವರ್ಷಗಳು ಹಿಡಿಯಬೇಕಾಗಿದ್ದ ಎಣಿಕೆ ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಹಣದ ಅಪಾಯವನ್ನು ಸರ್ಕಾರಗಳು ಹೊತ್ತುಕೊಂಡವು. ಲಸಿಕೆ ಕೆಲಸ ಮಾಡುತ್ತದೆಯೋ ಇಲ್ಲವೋ ತಿಳಿಯುವ ಮೊದಲೇ ಕಾರ್ಖಾನೆಗಳು ಉತ್ಪಾದನೆ ಆರಂಭಿಸಿದವು. ಫಲಿತಾಂಶ ಕೆಟ್ಟದಾಗಿ ಬಂದಿದ್ದರೆ ನಷ್ಟವಾಗುತ್ತಿದ್ದುದು ಹಣ, ಜನರ ಆರೋಗ್ಯವಲ್ಲ.

ಇನ್ನೊಂದು ಸಂಗತಿಯನ್ನು ಆಗ ಸಾಕಷ್ಟು ಹೇಳಲಿಲ್ಲ. ಈ ಕೆಲಸ 2020ರಲ್ಲಿ ಶುರುವಾದದ್ದಲ್ಲ. 2003ರ ಸಾರ್ಸ್ ಮತ್ತು 2012ರ ಮೆರ್ಸ್ ರೋಗಗಳ ನಂತರ ಕೊರೊನಾ ವೈರಸ್‌ನ ಮೇಲ್ಮೈಯಲ್ಲಿರುವ ಮುಳ್ಳಿನಾಕಾರದ ಪ್ರೋಟೀನನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಪ್ರೋಟೀನ್ ತಯಾರಿಸುವ ಸೂಚನೆಯನ್ನು ಜೀವಕೋಶಕ್ಕೆ ಒಯ್ಯುವ, ಕೆಲವು ಕೋವಿಡ್ ಲಸಿಕೆಗಳಿಗೆ ಆಧಾರವಾದ ಎಂಆರ್‌ಎನ್‌ಎ ಅಣುವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಿಳಿದು ಕೆರಳದಂತೆ ಮಾರ್ಪಡಿಸುವ ವಿಧಾನವನ್ನು ವಿಜ್ಞಾನಿಗಳಾದ ಕ್ಯಾಟಲಿನ್ ಕಾರಿಕೊ ಮತ್ತು ಡ್ರ್ಯೂ ವೈಸ್‌ಮನ್ 2005ರಲ್ಲಿಯೇ ಪ್ರಕಟಿಸಿದ್ದರು. 2023ರಲ್ಲಿ ಅವರಿಗೆ ನೊಬೆಲ್ ಬಂದದ್ದು ಆ ಹಳೆಯ ಕೆಲಸಕ್ಕೆ. 2020ರ ಜನವರಿಯಲ್ಲಿ ಹೊಸ ವೈರಸ್‌ನ ಜೀನೋಮ್ (ಅದರ ಪೂರ್ಣ ವಂಶವಾಹಿ ಮಾಹಿತಿ) ಪ್ರಕಟವಾಯಿತು, ಮಾರ್ಚ್ 16ರಂದು ಮೊದಲ ಸ್ವಯಂಸೇವಕರಿಗೆ ಲಸಿಕೆ ಚುಚ್ಚಲಾಯಿತು. ಈ ಎರಡು ತಿಂಗಳ ಕೆಲಸದ ಹಿಂದೆ ಇಷ್ಟೆಲ್ಲ ವರ್ಷಗಳ ಅಧ್ಯಯನವಿತ್ತು. "ದಾಖಲೆಯ ವೇಗ" ಎಂದು ಹೆಮ್ಮೆಯಿಂದ ಪ್ರಚಾರ ಮಾಡಿದವರು ಅದೇ ಮಾತಿನಿಂದ ಜನರ ಅನುಮಾನವನ್ನೂ ಬೆಳೆಸಿದರು ಎಂಬುದು ನನ್ನ ಅಭಿಪ್ರಾಯ.

ಅನುಮಾನಪಡುವವರು ಸಾಮಾನ್ಯವಾಗಿ ಗಮನಿಸದ ಸಾಕ್ಷ್ಯವೊಂದಿದೆ: ಸೋತ ಲಸಿಕೆಗಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಸಿಕೆ ಪಡೆದ ಸ್ವಯಂಸೇವಕರಲ್ಲಿ ಎಚ್‌ಐವಿ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಿದ್ದರಿಂದ 2020ರ ಡಿಸೆಂಬರಿನಲ್ಲಿ ಅದನ್ನು ಕೈಬಿಟ್ಟರು. ದೈತ್ಯ ಕಂಪನಿಯಾದ ಮರ್ಕ್ 2021ರ ಜನವರಿಯಲ್ಲಿ ತನ್ನ ಎರಡು ಲಸಿಕೆಗಳನ್ನು ನಿಲ್ಲಿಸಿತು. ಪರೀಕ್ಷೆಯೆಂಬುದು ಬರಿಯ ನಾಟಕವಾಗಿದ್ದರೆ ಇವೂ ತೇರ್ಗಡೆಯಾಗಬೇಕಿತ್ತು.

ಪ್ರಶ್ನೆ: ಶೇ 95ರಷ್ಟು ಪರಿಣಾಮಕಾರಿ ಎಂದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಐವರಿಗೆ ರೋಗ ಬರುತ್ತದೆ ಎಂದೇ? ನನಗೆ ಮೂರು ಡೋಸ್ ಆದ ಮೇಲೂ ಕೋವಿಡ್ ಬಂತು.

ಉತ್ತರ: ಹಾಗಲ್ಲ. ಫೈಜರ್–ಬಯೋಎನ್‌ಟೆಕ್ ಪ್ರಯೋಗದಲ್ಲಿ ಸುಮಾರು 43 ಸಾವಿರ ಜನರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಲಸಿಕೆ, ಇನ್ನರ್ಧಕ್ಕೆ ಬರಿಯ ಉಪ್ಪುನೀರಿನ ಚುಚ್ಚುಮದ್ದು. ಚುಚ್ಚಿಸಿಕೊಂಡವರಿಗೂ ಅವರ ಆರೋಗ್ಯವನ್ನು ಗಮನಿಸುವ ವೈದ್ಯರಿಗೂ ಯಾರ ಪಾಲಿಗೆ ಯಾವುದು ಬಂದಿದೆಯೆಂಬುದು ಗೊತ್ತಿರುವುದಿಲ್ಲ; ಸಿರಿಂಜಿಗೆ ಮದ್ದು ತುಂಬುವವರೇ ಬೇರೆ. ಎರಡನೆಯ ಡೋಸ್ ಆಗಿ ವಾರ ಕಳೆದ ನಂತರ ಲಕ್ಷಣಗಳೊಂದಿಗೆ ಕೋವಿಡ್ ಬಂದವರನ್ನು ಎಣಿಸಿದಾಗ ಒಟ್ಟು 170 ಜನ ಸಿಕ್ಕರು. ಗುಟ್ಟನ್ನು ಬಿಚ್ಚಿ ನೋಡಿದರೆ ಅವರಲ್ಲಿ 162 ಮಂದಿ ಉಪ್ಪುನೀರಿನವರು, 8 ಮಂದಿ ಲಸಿಕೆಯವರು. ಶೇ 95 ಎಂಬ ಅಂಕಿ ಹುಟ್ಟಿದ್ದು ಈ ಎರಡು ಸಂಖ್ಯೆಗಳ ಹೋಲಿಕೆಯಿಂದ. ಆ ಅವಧಿಯಲ್ಲಿ, ಆ ವೈರಸ್ ಎದುರಿಗೆ, ಲಸಿಕೆ ಪಡೆಯದವರಿಗಿದ್ದ ಅಪಾಯ ಪಡೆದವರಲ್ಲಿ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಿತು ಎಂದಷ್ಟೇ ಅದರ ಅರ್ಥ.

ಇಲ್ಲಿ "ಆ ಅವಧಿಯಲ್ಲಿ, ಆ ವೈರಸ್ ಎದುರಿಗೆ" ಎಂಬ ಮಾತು ಮುಖ್ಯ. ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳ ಮಟ್ಟ ತಿಂಗಳುಗಳು ಕಳೆದಂತೆ ತಗ್ಗುತ್ತದೆ. 2021ರ ನವೆಂಬರಿನಲ್ಲಿ ಕಾಣಿಸಿಕೊಂಡ ಒಮೈಕ್ರಾನ್ ರೂಪಾಂತರಿ ಆ ಪ್ರತಿಕಾಯಗಳಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿತು. ಸೋಂಕನ್ನು ತಡೆಯುವ ಶಕ್ತಿ ಕುಗ್ಗಿದರೂ ಆಸ್ಪತ್ರೆ ಮತ್ತು ಸಾವಿನಿಂದ ಕಾಯುವ ಶಕ್ತಿ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯಿತು. ಲಸಿಕೆ ಹಾಕಿಸಿಕೊಂಡರೆ ರೋಗ ಬರುವುದೂ ಇಲ್ಲ, ಹರಡುವುದೂ ಇಲ್ಲ ಎಂದು ಕೆಲವು ಜವಾಬ್ದಾರಿಯುತ ಸ್ಥಾನಗಳಲ್ಲಿದ್ದವರೇ ಆಗ ಹೇಳಿದ್ದುಂಟು. ಪ್ರಯೋಗ ಅಷ್ಟನ್ನು ಅಳೆದೇ ಇರಲಿಲ್ಲ. ನಿಮಗೆ ಮೋಸವಾಯಿತೆಂದು ಅನ್ನಿಸಿದ್ದರೆ ಆ ಮಾತುಗಳ ಮೇಲೆ ಸಿಟ್ಟಾಗುವ ಹಕ್ಕು ನಿಮಗಿದೆ.

ಪ್ರಶ್ನೆ: ಆಸ್ಪತ್ರೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನ ಲಸಿಕೆ ಪಡೆದವರೇ ಎಂಬ ಸುದ್ದಿಗಳನ್ನು ಓದಿದ್ದೇನೆ. ನಾನು ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅರ್ಧಕ್ಕರ್ಧ ಎಂದರೆ ಲಸಿಕೆಯಿಂದ ಏನೂ ಪ್ರಯೋಜನವಿಲ್ಲ ಎಂದಲ್ಲವೇ?

ಉತ್ತರ: ಲೆಕ್ಕ ಬಲ್ಲವರೊಂದಿಗೆ ಲೆಕ್ಕದಲ್ಲಿಯೇ ಮಾತನಾಡೋಣ. ಊಹೆಗಾಗಿ ಒಂದು ಲಕ್ಷ ಜನರ ಪಟ್ಟಣವನ್ನು ತೆಗೆದುಕೊಳ್ಳಿ. 90 ಸಾವಿರ ಜನ ಲಸಿಕೆ ಪಡೆದಿದ್ದಾರೆ, 10 ಸಾವಿರ ಜನ ಪಡೆದಿಲ್ಲ. ಪಡೆಯದವರಲ್ಲಿ ನೂರಕ್ಕೆ ಒಬ್ಬರು ಆಸ್ಪತ್ರೆ ಸೇರುತ್ತಾರೆ. ಪಡೆದವರಲ್ಲಿ ಸಾವಿರಕ್ಕೆ ಒಬ್ಬರು. ಅಂದರೆ ಲಸಿಕೆ ಅಪಾಯವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದೆ. ಈಗ ವಾರ್ಡಿನ ಹಾಸಿಗೆಗಳನ್ನು ಎಣಿಸಿ: ಪಡೆಯದವರು 100, ಪಡೆದವರು 90. ಬಹುತೇಕ ಸರಿಸಮ! ಲಸಿಕೆ ಪಡೆದವರ ಸಂಖ್ಯೆಯೇ ಒಂಬತ್ತು ಪಟ್ಟು ದೊಡ್ಡದಾಗಿದ್ದುದರಿಂದ ಅಲ್ಲಿಂದ ಬರುವ ರೋಗಿಗಳೂ ಅಷ್ಟಾಗಿ ಕಾಣುತ್ತಾರೆ. ಊರಿನಲ್ಲಿ ಎಲ್ಲರೂ ಲಸಿಕೆ ಪಡೆದಿದ್ದರೆ ಆಸ್ಪತ್ರೆಯಲ್ಲಿರುವವರು ನೂರಕ್ಕೆ ನೂರು ಲಸಿಕೆ ಪಡೆದವರೇ ಆಗಿರುತ್ತಾರೆ. ಆದರೆ 190 ಹಾಸಿಗೆಗಳ ಬದಲು 100 ಹಾಸಿಗೆಗಳಷ್ಟೇ ತುಂಬಿರುತ್ತವೆ.

ಇದರ ಜೊತೆಗೆ ವಯಸ್ಸನ್ನೂ ಸೇರಿಸಿಕೊಳ್ಳಬೇಕು. ಬಹಳಷ್ಟು ಕಡೆ ಮೊದಲು ಲಸಿಕೆ ಪಡೆದವರು ಹಿರಿಯರು, ಮೊದಲೇ ಕಾಯಿಲೆಗಳಿದ್ದವರು. ಇವರು ಲಸಿಕೆಯ ನಂತರವೂ ಆರೋಗ್ಯವಂತ ತರುಣರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ವಯಸ್ಸಿನ ಗುಂಪುಗಳನ್ನು ಬೇರ್ಪಡಿಸದೆ ಹೋಲಿಸಿದ ಯಾವ ಅಂಕಿಯನ್ನೂ, ಅದು ಲಸಿಕೆಯ ಪರವಾಗಿರಲಿ ವಿರುದ್ಧವಾಗಿರಲಿ, ಹಾಗೆಯೇ ಒಪ್ಪಬೇಡಿ.

ಪ್ರಶ್ನೆ: ರಕ್ತ ಹೆಪ್ಪುಗಟ್ಟುವ ಸಂಗತಿಯನ್ನು ಮುಚ್ಚಿಟ್ಟರಲ್ಲವೇ? ಹೃದಯದ ತೊಂದರೆಯ ವಿಷಯವೂ ತಡವಾಗಿ ಹೊರಬಂತು.

ಉತ್ತರ: ತಡವಾಗಿ ಹೊರಬಂದದ್ದು ನಿಜ, ಆದರೆ ಮುಚ್ಚಿಟ್ಟಿದ್ದರಿಂದ ತಡವಾದದ್ದಲ್ಲ. ಇಪ್ಪತ್ತು–ಮೂವತ್ತು ಸಾವಿರ ಜನರ ಪ್ರಯೋಗದಲ್ಲಿ ಲಕ್ಷಕ್ಕೆ ಒಬ್ಬರಿಗೆ ಬರುವ ತೊಂದರೆ ಒಮ್ಮೆಯೂ ಕಾಣಿಸದೆ ಹೋಗಬಹುದು. ಅದು ಲಕ್ಷಾಂತರ ಜನರಿಗೆ ಲಸಿಕೆ ಕೊಟ್ಟ ನಂತರವೇ ತಿಳಿಯುವಂಥದ್ದು. ಅನುಮತಿ ಸಿಕ್ಕ ನಂತರವೂ ನಿಗಾ ಇರಿಸುವುದು ಈ ಕಾರಣಕ್ಕಾಗಿಯೇ. 2021ರ ಮಾರ್ಚಿನಲ್ಲಿ ಆಸ್ಟ್ರಾಜೆನೆಕಾ ಲಸಿಕೆ ಪಡೆದ ಕೆಲವರಲ್ಲಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಕುಸಿಯುವುದರ ಜೊತೆಗೇ ರಕ್ತ ಹೆಪ್ಪುಗಟ್ಟುವ ವಿಚಿತ್ರ ಸ್ಥಿತಿ ಕಂಡುಬಂದಾಗ ಯುರೋಪಿನ ಹಲವು ದೇಶಗಳು ಅದರ ಬಳಕೆಯನ್ನು ತಡೆಹಿಡಿದವು. ಏಪ್ರಿಲ್ 7ರಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಅತ್ಯಂತ ವಿರಳವಾದ ಅಡ್ಡಪರಿಣಾಮವೆಂದು ಬಹಿರಂಗವಾಗಿಯೇ ದಾಖಲಿಸಿತು. ಅದೇ ದಿನ ಬ್ರಿಟನ್ 30ಕ್ಕಿಂತ ಕಡಿಮೆ ವಯಸ್ಸಿನವರಿಗೆ ಬೇರೆ ಲಸಿಕೆ ಕೊಡುವಂತೆ ಸೂಚಿಸಿತು. ಎಂಆರ್‌ಎನ್‌ಎ ಲಸಿಕೆಗಳ ನಂತರ, ಮುಖ್ಯವಾಗಿ ಎರಡನೆಯ ಡೋಸ್ ಪಡೆದ ತರುಣರಲ್ಲಿ, ಹೃದಯದ ಸ್ನಾಯುವಿನ ಉರಿಯೂತ ಕಂಡುಬಂದದ್ದೂ ಹೀಗೆ ನಿಗಾ ಇಟ್ಟಿದ್ದರಿಂದಲೇ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 1955ರಲ್ಲಿ ಅಮೆರಿಕದಲ್ಲಿ ಪೋಲಿಯೊ ಲಸಿಕೆಯ ಕೆಲವು ಬ್ಯಾಚುಗಳಲ್ಲಿ ಜೀವಂತ ವೈರಸ್ ಉಳಿದುಕೊಂಡು ಮಕ್ಕಳಿಗೆ ಪೋಲಿಯೊ ತಗಲಿತ್ತು. ಕೆಲವರು ಸತ್ತರು, ಹಲವರು ಶಾಶ್ವತವಾಗಿ ಅಂಗವಿಕಲರಾದರು. 1976ರಲ್ಲಿ ಅದೇ ದೇಶ ಹಂದಿಜ್ವರದ ಭಯದಿಂದ 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿತು. ಭಯಪಟ್ಟ ಸಾಂಕ್ರಾಮಿಕ ಬರಲೇ ಇಲ್ಲ, ಗಿಲ್ಲನ್–ಬಾರೆ ಎಂಬ ನರದೌರ್ಬಲ್ಯ ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚುವರಿಯಾಗಿ ಕಂಡುಬಂದು ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಇಂಥ ಇತಿಹಾಸ ಬಲ್ಲವನೊಬ್ಬ ಹೊಸ ಲಸಿಕೆಯ ಬಗ್ಗೆ ಪ್ರಶ್ನೆ ಕೇಳಿದರೆ ಅವನನ್ನು ಮೂಢನೆಂದು ಕರೆಯುವುದು ಅನ್ಯಾಯ. ಅಡ್ಡಪರಿಣಾಮವೇ ಇಲ್ಲವೆಂದು ವಾದಿಸಿದ ಉತ್ಸಾಹಿಗಳು ವಿರೋಧಿಗಳಷ್ಟೇ ಹಾನಿ ಮಾಡಿದರು. ಲಸಿಕೆಯಿಂದ ನಿಜವಾಗಿಯೂ ತೊಂದರೆಗೊಳಗಾದ ಕುಟುಂಬಕ್ಕೆ "ಲಕ್ಷಕ್ಕೆ ಒಬ್ಬರು" ಎಂಬ ಮಾತು ಉತ್ತರವಲ್ಲ. ಅವರಿಗೆ ಬೇಕಾದದ್ದು ಚಿಕಿತ್ಸೆ ಮತ್ತು ಪರಿಹಾರ. ಹಲವು ದೇಶಗಳಲ್ಲಿ ಅದು ಸಲೀಸಾಗಿ ಸಿಗಲಿಲ್ಲ.

ಪ್ರಶ್ನೆ: ಎಂಆರ್‌ಎನ್‌ಎ ಲಸಿಕೆ ನಮ್ಮ ವಂಶವಾಹಿಗಳನ್ನು ಬದಲಿಸುತ್ತದೆಯೇ?

ಉತ್ತರ: ಇಲ್ಲ. ನಮ್ಮ ಡಿಎನ್‌ಎ ಇರುವುದು ಜೀವಕೋಶದ ಕೇಂದ್ರದೊಳಗೆ. ಲಸಿಕೆಯ ಎಂಆರ್‌ಎನ್‌ಎ ಕೆಲಸ ಮಾಡುವುದು ಅದರ ಹೊರಗೆ, ಮತ್ತು ಬೇಗನೆ ಒಡೆದುಹೋಗುತ್ತದೆ. ಅಂದಹಾಗೆ, ಈ ಭಯ ಹೊಸದೇನಲ್ಲ: ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯುವ ವಿಧಾನ ಪರೀಕ್ಷಿಸಿದ ಕೆಲವೇ ವರ್ಷಗಳಲ್ಲಿ, 1802ರಲ್ಲಿ, ಜೇಮ್ಸ್ ಗಿಲ್‌ರೇ ಬರೆದ ವ್ಯಂಗ್ಯಚಿತ್ರದಲ್ಲಿ ಲಸಿಕೆ ಪಡೆದವರ ಮೈಮೇಲೆಲ್ಲ ಪುಟ್ಟ ಹಸುಗಳು ಮೂಡುತ್ತಿವೆ.

ಪ್ರಶ್ನೆ: ಎಪ್ಪತ್ತು ದಾಟಿದ ನನ್ನ ತಾಯಿ ಮೊದಲ ಡೋಸ್ ನಂತರ ಎರಡು ದಿನ ಜ್ವರದಿಂದ ಮಲಗಿದ್ದರು. ಆಮೇಲೆ ಮೊಬೈಲಿನಲ್ಲಿ ಬಂದ ವಿಡಿಯೊಗಳನ್ನು ನೋಡಿ ಇನ್ನು ಯಾವ ಲಸಿಕೆಯೂ ಬೇಡವೆನ್ನುತ್ತಾರೆ. ವಾದ ಮಾಡಿದಷ್ಟೂ ಹಟ ಹೆಚ್ಚುತ್ತಿದೆ.

ಉತ್ತರ: ವಾದ ನಿಲ್ಲಿಸಿ. ಅವರಿಗೆ ಜ್ವರ ಬಂದದ್ದು ಸುಳ್ಳಲ್ಲ, ಆ ಎರಡು ದಿನ ಅವರು ಹೆದರಿದ್ದೂ ಸುಳ್ಳಲ್ಲ. ಅದನ್ನು ಒಪ್ಪಿಕೊಂಡು ಮಾತು ಶುರುಮಾಡಿ. ಒಂದೆರಡು ದಿನದ ಜ್ವರ, ತೋಳು ನೋವು, ಸುಸ್ತು ಸಾಮಾನ್ಯವೆಂದು ಮೊದಲೇ ಯಾರಾದರೂ ಹೇಳಿದ್ದರೆ ಅವರು ಇಷ್ಟು ಹೆದರುತ್ತಿರಲಿಲ್ಲ. ಪ್ರಯೋಗಗಳಲ್ಲಿ ಹುಸಿ ಚುಚ್ಚುಮದ್ದು ಪಡೆದವರಲ್ಲಿಯೂ ಮೊದಲ ಡೋಸ್ ನಂತರ ಮೂವರಲ್ಲಿ ಸುಮಾರು ಒಬ್ಬರು ತಲೆನೋವು, ಸುಸ್ತು ಎಂದು ಬರೆಸಿದ್ದರು. ಆತಂಕವೂ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಈ ಮಾತನ್ನು ತಾಯಿಯವರ ಜ್ವರವನ್ನು ಅಲ್ಲಗಳೆಯಲು ಬಳಸಬೇಡಿ. ಅವರು ಬಹುಕಾಲದಿಂದ ನಂಬಿರುವ ವೈದ್ಯರ ಬಳಿಗೆ ಕರೆದೊಯ್ಯಿರಿ, ಪ್ರಶ್ನೆಗಳನ್ನು ತಾಯಿಯವರೇ ಕೇಳಲಿ, ನೀವು ಸುಮ್ಮನಿರಿ. ಇನ್ನೊಂದು ಡೋಸ್ ಬೇಕೇ ಬೇಡವೇ ಎಂಬುದು ಅವರ ಈಗಿನ ಆರೋಗ್ಯವನ್ನು ನೋಡಿ ಆ ವೈದ್ಯರು ಹೇಳಬೇಕಾದ ಮಾತು.

ಪ್ರಶ್ನೆ: ಮುಂದೊಂದು ಸಾಂಕ್ರಾಮಿಕ ಬಂದು ಹೊಸ ಲಸಿಕೆ ಸಿದ್ಧವಾದರೆ ನೀವು ಮೊದಲ ದಿನವೇ ಹಾಕಿಸಿಕೊಳ್ಳುತ್ತೀರಾ? ಪ್ರಾಮಾಣಿಕವಾಗಿ ಹೇಳಿ.

ಉತ್ತರ: ಸಾವಿರಾರು ಜನರ ಮೇಲೆ ನಡೆಸುವ ಮೂರನೆಯ ಹಂತದ ಪ್ರಯೋಗದ ಫಲಿತಾಂಶ ಪ್ರಕಟವಾಗಿದ್ದರೆ, ನನ್ನ ವಯಸ್ಸಿನವರನ್ನೂ ಅದರಲ್ಲಿ ಪರೀಕ್ಷಿಸಿದ್ದರೆ, ಹೊರಗಿನ ತಜ್ಞರಿಗೆ ಆ ಅಂಕಿಅಂಶಗಳು ನೋಡಸಿಕ್ಕಿದ್ದರೆ, ಹೌದು. ಇಲ್ಲವಾದರೆ ಕಾಯುತ್ತೇನೆ. 2020ರ ಆಗಸ್ಟ್ 11ರಂದು ರಷ್ಯಾ ಮೂರನೆಯ ಹಂತದ ಪ್ರಯೋಗ ನಡೆಸುವ ಮೊದಲೇ ಸ್ಪುಟ್ನಿಕ್ ಲಸಿಕೆಗೆ ಅನುಮತಿ ಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ ಶೇ 91ಕ್ಕೂ ಹೆಚ್ಚು ಪರಿಣಾಮವನ್ನು ತೋರಿಸಿತಾದರೂ, ಆಗಸ್ಟಿನಲ್ಲಿ ಅನುಮತಿ ಕೊಟ್ಟವರ ಕೈಯಲ್ಲಿ ಆ ಅಂಕಿ ಇರಲಿಲ್ಲ. ಆ ತಿಂಗಳಲ್ಲಿ ಸಾಲಿನಲ್ಲಿ ನಿಲ್ಲೆಂದು ಯಾರಾದರೂ ಕರೆದಿದ್ದರೆ ನಾನು ಹೋಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಉಳಿದ ಲಸಿಕೆಗಳ ವರದಿಗಳು ಬಂದ ನಂತರ ಕರೆದಿದ್ದರೆ ಖಂಡಿತ ಹೋಗುತ್ತಿದ್ದೆ.