ಪ್ರತಿ: ಸೈನಸ್‌ನಲ್ಲಿ ರಕ್ತದ ಗಡ್ಡೆ, ಕ್ಯಾನ್ಸರ್ ಇರಬಹುದಾ?
ಅಪ್ಪನ ಕೆನ್ನೆಯ ಸೈನಸ್‌ನಲ್ಲಿ (ಮೂಳೆಯೊಳಗಿನ ಗಾಳಿ ತುಂಬಿದ ಟೊಳ್ಳು) ಗಡ್ಡೆ, ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಸವೆದಿದೆ, ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡುವ ಪರೀಕ್ಷೆ) ಬರೀ ಹೆಪ್ಪುಗಟ್ಟಿದ ರಕ್ತ ಅಂತ ಬರೆದಿದ್ದೀರಿ. ಮೂಳೆ ಸವೆದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅಲ್ಲ. ಬರೀ ರಕ್ತದ ಗಡ್ಡೆಯಿಂದಲೂ ಹಾಗಾಗಬಹುದು: ಒಳಗೆ ಸೋರಿದ ರಕ್ತ ಹೊರಬರದೆ ನಿಂತು, ಸುತ್ತ ನಾರಿನ ಪೊರೆ ಬೆಳೆದು, ಅದರಲ್ಲಿ ಹೊಸ ಸಣ್ಣ ರಕ್ತನಾಳಗಳು ಹುಟ್ಟಿ ಮತ್ತೆ ಮತ್ತೆ ಒಸರುತ್ತಾ ಗಡ್ಡೆ ದೊಡ್ಡದಾಗುತ್ತದೆ, ಅದೇ ಒತ್ತಿ ಒತ್ತಿ ಮೂಳೆ ತೆಳುವಾಗುತ್ತದೆ. ಆದರೆ ಚೂರು ಬಯಾಪ್ಸಿ ನಂಬಿ ಸುಮ್ನೆ ಕೂರಬೇಡಿ. ರಕ್ತದ ನಡುವೆ ಬೇರೇನೋ ಅಡಗಿರಬಹುದು, ಅಲ್ವಾ? ಎಂಆರ್‌ಐ ಬಗ್ಗೆ ಕೇಳಿ. ಅದರಲ್ಲಿ ಟಿ2 ಎಂಬ ಬಗೆಯ ಚಿತ್ರದಲ್ಲಿ ಒಳಗೆ ಬಿಳಿ-ಕಪ್ಪು ಕಲಸಿದ ಹಾಗೆ, ಸುತ್ತ ಕಪ್ಪು ಅಂಚು ಕಂಡರೆ ಇಂಥ ರಕ್ತದ ಗಡ್ಡೆಯೇ ಇರುವ ಸಾಧ್ಯತೆ ಜಾಸ್ತಿ. ಗಡ್ಡೆಯನ್ನು ಸಾಮಾನ್ಯವಾಗಿ ಎಂಡೋಸ್ಕೋಪ್‌ನಿಂದ (ಒಳಗೆ ನೋಡಲು ಬಳಸುವ ಸಣ್ಣ ಕೊಳವೆ) ಮೂಗಿನ ಮೂಲಕವೇ ತೆಗೆಯುತ್ತಾರೆ, ಪೂರ್ತಿ ತೆಗೆದರೆ ಮತ್ತೆ ಬರುವುದು ಅಪರೂಪ. ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸಲು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿ, ನೀವಾಗೇ ನಿಲ್ಲಿಸಬೇಡಿ.